ಮಗಳಿಗೆ ಹಚ್ಚಿದ ಪಾಳಿ

ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾದರೆ ಹೊಲಕ್ಕೆ ಬದು ಹಾಕುತ್ತಾರೆ, ಮನೆಗೆ ನಡುಗೋಡೆ ಎಬ್ಬಿಸುತ್ತಾರೆ. ಬಾವಿಯನ್ನು ಮಾತ್ರ ಹಾಗೆ ಸೀಳಲು ಬರುವುದಿಲ್ಲ. ಅದಕ್ಕೆ ಪಾಳಿ ಹಚ್ಚುತ್ತಾರೆ. ಮೂರು ದಿನ ಹಿರಿಯವನ ಹೊಲಕ್ಕೆ ನೀರು, ಮೂರು ದಿನ ನಡುವಿನವನಿಗೆ, ಮೂರು ದಿನ ಕಿರಿಯವನಿಗೆ. ನನ್ನ ಪಾಳಿಯ ದಿನ ಕರೆಂಟು ಹೋಯಿತೋ, ಹೋದಷ್ಟು ತಾಸುಗಳನ್ನು ಅಣ್ಣನ ಪಾಳಿಯಲ್ಲಿ ಮುರಿದುಕೊಳ್ಳುತ್ತೇನೆ. ಅವನು ಕೊಡದಿದ್ದರೆ ಸ್ಟಾರ್ಟರ್ ಡಬ್ಬಿಯ ಮುಂದೆ ನಿಂತು ಬೈದಾಡುತ್ತೇವೆ. ಹಿರೇಹಡಗಲಿ ಹತ್ತಿರದ ನನ್ನ ಹಳ್ಳಿಯಲ್ಲಿ ನಾನು ಚಿಕ್ಕಂದಿನಿಂದ ಕೇಳಿದ ಜಗಳಗಳಲ್ಲಿ ಮುಕ್ಕಾಲು ಪಾಲು ಇವೇ.

ನನ್ನ ಮದುವೆ ಮುರಿದಾಗ ನಮ್ಮ ಹಿರಿಯರು ಎಂಟು ವರ್ಷದ ಮಗಳಿಗೂ ಪಾಳಿ ಹಚ್ಚಿದರು. ಹಚ್ಚಿದವರು ಅವರು ಎಂದು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದೆ. ಕೇಳಿ ಹಚ್ಚಿಸಿಕೊಂಡವನು ನಾನು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹಗರಿಬೊಮ್ಮನಹಳ್ಳಿಯಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಕುಡಿಸಿ ಕೊಡುವುದು ಕೆಲಸ. ಅಂಗಡಿಯ ಹಿಂದಿನ ಕೋಣೆಯೇ ಮನೆ. ಆಕೆ, ಅಂದರೆ ನನ್ನ ಮಗಳ ತಾಯಿ, ಕೂಡ್ಲಿಗಿಯವಳು. ಬಿಟ್ಟು ಹೋದ ಮೇಲೆ ತವರಲ್ಲೇ ಅಂಗನವಾಡಿ ಟೀಚರ್ ಆದಳು. ಆಕೆಯನ್ನು ಮಾಜಿ ಹೆಂಡತಿ ಎಂದು ಬರೆಯಲು ನನಗೆ ಕೈ ಬರುವುದಿಲ್ಲ, ಹಾಗಾಗಿ ಆಕೆ ಎಂದೇ ಬರೆಯುತ್ತೇನೆ.

ಮದುವೆ ಯಾಕೆ ಮುರಿಯಿತು ಎಂದು ಕೇಳಿದವರಿಗೆ ನಾನು ಕೊಡುತ್ತಿದ್ದ ಉತ್ತರ ಒಂದೇ: ‘ನಾ ಕುಡಿಯಂಗಿಲ್ಲ, ಕೈ ಮಾಡಂಗಿಲ್ಲ, ಮತ್ತ ಏನ್ ಬೇಕಿತ್ತು ಆಕಿಗೆ?’ ಇವೆರಡನ್ನು ಮಾಡದಿರುವುದೇ ದೊಡ್ಡ ಪದಕ ಎಂಬಂತೆ ಎದೆಗೆ ಚುಚ್ಚಿಕೊಂಡು ಓಡಾಡಿದೆ. ನಾನು ಮಾಡುತ್ತಿದ್ದುದು ಬೇರೆ. ಮಾತು ಬಿಡುತ್ತಿದ್ದೆ. ಸಿಟ್ಟು ಬಂದರೆ ಒಂದು ದಿನ ಎರಡು ದಿನವಲ್ಲ. ಒಮ್ಮೆ ಉಗಾದಿಗೆ ಬಿಟ್ಟ ಮಾತನ್ನು ನಾಗರಪಂಚಮಿಯವರೆಗೂ ಆಡಲಿಲ್ಲ. ಅದೇ ಕೋಣೆ, ಅದೇ ಒಲೆ, ಆಕೆ ಬಡಿದ ರೊಟ್ಟಿ ತಿನ್ನುತ್ತ. ಏನಾದರೂ ಹೇಳಲೇಬೇಕಾದರೆ ಮಗಳಿದ್ದಳು.

‘ನಿಮ್ಮವ್ವಗ ಹೇಳು, ಸಾರಿಗೆ ಉಪ್ಪು ಕಡಿಮಿ ಆಗೈತಿ ಅಂತ.’

ಎರಡು ಮೊಳ ದೂರದಲ್ಲಿ ಕೂತ ತಾಯಿಯ ಕಡೆ ತಿರುಗಿ ಐದು ವರ್ಷದ ಕೂಸು ಹೇಳುತ್ತಿತ್ತು: ‘ಅವ್ವಾ, ಉಪ್ಪು ಕಡಿಮಿ ಆಗೈತಂತ.’

ನನಗೆ ಅದು ತಮಾಷೆಯಾಗಿ ಕಾಣುತ್ತಿತ್ತು. ಒಂದು ದಿನ ‘ಹೇಳು, ತವರಮನಿಗೆ ಹೋಗೋದಿದ್ರ ಇವತ್ತ ಹೋಗು ಅಂತ’ ಅಂದೆ. ಮಗಳು ನನ್ನ ಮುಖ ನೋಡಿದಳು, ಅವ್ವನ ಮುಖ ನೋಡಿದಳು, ಆಮೇಲೆ ಹೇಳಿದಳು: ‘ಅವ್ವಾ, ಪಲ್ಯ ಚೊಲೋ ಆಗೈತಂತ.’ ನಾನು ನಕ್ಕುಬಿಟ್ಟೆ. ಆಕೆ ನಗಲಿಲ್ಲ. ಎದ್ದು ಮಗಳನ್ನು ಎತ್ತಿಕೊಂಡು ಹೊರಗೆ ಹೋದಳು. ನಮ್ಮ ಸಂಸಾರ ಮುಗಿದದ್ದು ಆ ದಿನವೇ ಎಂದು ಈಗ ಅನಿಸುತ್ತದೆ. ಉಳಿದ ಎರಡು ಮೂರು ವರ್ಷ ಬರೀ ಎಳೆದಾಟ.

ಹಿರಿಯರು ಕೂತದ್ದು ಕೊಟ್ಟೂರಿನಲ್ಲಿ, ನಮ್ಮ ಸಂಬಂಧಿಕರೊಬ್ಬರ ಮನೆಯ ಕಟ್ಟೆಯ ಮೇಲೆ. ಎರಡೂ ಕಡೆಯವರಿಗೆ ಅದೇ ನಡುವಿನ ಊರು. ನನ್ನ ದೊಡ್ಡಪ್ಪ ಬಾವಿ ಪಾಳಿಯ ನ್ಯಾಯ ಬಗೆಹರಿಸುವುದರಲ್ಲಿ ಹೆಸರಾದವರು. ಅವರೇ ಮಾತು ತೆಗೆದರು.

‘ಸಾಲಿ ದಿನ ತಾಯಿ ಕಡಿ ಇರ್ಲಿ. ತಿಂಗಳಿಗೆ ಎರಡು ಶನಿವಾರ ರವಿವಾರ ಅಪ್ಪನ ಪಾಳಿ. ದಸರಾ ರಜಾ, ಬ್ಯಾಸಗಿ ರಜಾ ಸಮಾ ಅರ್ಧ. ಏನಪಾ, ಒಪ್ಪಿಗಿ ಐತೇನು?’

‘ನನ್ನ ಪಾಳಿ ತಪ್ಪಿದ್ರ?’ ಎಂದು ಕೇಳಿದವನು ನಾನು.

‘ತಪ್ಪಿದ ದಿನ ಮುಂದ ಹಿಡಕೊಳ್ಳೋದು. ನೀರಿಗೆ ಹೆಂಗೈತೋ ಹಂಗ.’

ಕಟ್ಟೆಯ ತುದಿಯಲ್ಲಿ ಮಗಳು ಕಾಲು ಇಳಿಬಿಟ್ಟು ಕೂತಿದ್ದಳು. ಎಲ್ಲ ಕೇಳಿಸಿಕೊಂಡಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಬಾವಿಯನ್ನು ಯಾರು ಕೇಳುತ್ತಾರೆ? ನಾನು ಮಾತ್ರ ಗೆದ್ದವನ ಹಾಗೆ ಮೀಸೆಯಡಿಯಲ್ಲೇ ನಗುತ್ತ ಎದ್ದು ಬಂದೆ.

ಕೋರ್ಟಿನ ಕಾಗದ ಆಮೇಲೆ ಆಯಿತು. ಇಬ್ಬರೂ ಒಪ್ಪಿ ಹಾಕಿದ ಅರ್ಜಿ, ಹಾಗಾಗಿ ಜಗ್ಗಾಟವೇನೂ ಇರಲಿಲ್ಲ. ಆದರೆ ವಕೀಲರು, ಕಾಗದ ಕೈಗೆ ಬರುವ ಮೊದಲು ಹರಪನಹಳ್ಳಿಯಲ್ಲಿ ಒಬ್ಬ ನಿವೃತ್ತ ಹೆಡ್ ಮೇಡಂ ಇದ್ದಾರೆ, ಹೀಗೆ ಬೇರೆಯಾಗುವವರಿಗೆ ಮಕ್ಕಳ ವಿಷಯದಲ್ಲಿ ನಾಲ್ಕು ಮಾತು ಹೇಳುತ್ತಾರೆ, ಹೋಗಿ ಬನ್ನಿ ಎಂದರು. ಆಕೆ ಒಂದು ಬಸ್ಸಿಗೆ ಹೋದಳು, ನಾನು ಅದರ ಹಿಂದಿನ ಬಸ್ಸಿಗೆ ಹೋದೆ.

ಮೇಡಂ ತಮ್ಮ ಮನೆಯ ಪಡಸಾಲೆಯಲ್ಲಿ ನಮ್ಮಿಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದರು. ನಾನು ಪಾಳಿಯ ಕರಾರನ್ನು ಹೆಮ್ಮೆಯಿಂದ ವಿವರಿಸಿದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಕೇಳಿದರು.

‘ಅಲ್ಲಪ್ಪಾ, ದಿನ ಹಂಚಿಕೊಂಡ್ರಿ, ಸರಿ. ಆ ಕೂಸಿಗೆ ಜ್ವರ ಬಂತು ಅಂತಿಟ್ಕೋ. ನಿಂಗೆ ಹೆಂಗೆ ಗೊತ್ತಾಗುತ್ತೆ?’

‘ಆಕಿನ ಹೇಳ್ತಾಳಲ್ರೀ, ಮಗಳು.’

‘ಅವಳ ಕೈಲಿ ಸುದ್ದಿ ಕಳಿಸ್ಬೇಡ್ರಿ. ಇವಳ ಮಾತು ಅವನಿಗೆ, ಅವನ ಮಾತು ಇವಳಿಗೆ ಹೊತ್ತು ಹೊತ್ತು ಆ ಕೂಸು ತನ್ನ ಮಾತೇ ಮರೆತುಬಿಡುತ್ತೆ.’

ನನಗೆ ಉಪ್ಪು ಕಡಿಮೆಯಾದ ಸಾರು ನೆನಪಾಯಿತು. ಆಕೆಗೂ ನೆನಪಾಗಿರಬೇಕು, ಕಿಟಕಿಯ ಕಡೆ ಮುಖ ತಿರುಗಿಸಿದಳು. ಮೇಡಂ ಒಳಗಿನಿಂದ ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್ ತಂದರು. ಎಡಗಡೆ ಪುಟ ತಾಯಿಯದು, ಬಲಗಡೆ ಪುಟ ತಂದೆಯದು. ಮಗಳು ಏನು ಉಂಡಳು, ಏನಕ್ಕೆ ಹೆದರಿದಳು, ಔಷಧ ಏನು, ಶಾಲೆಯಲ್ಲಿ ಏನು, ಎಲ್ಲ ಬರೆಯಬೇಕು. ಪುಸ್ತಕ ಮಗಳ ಚೀಲದಲ್ಲಿ ಆಚೆ ಈಚೆ ಹೋಗಬೇಕು. ‘ಗಂಡ ಹೆಂಡತಿ ಆಗೋದು ನಿಮ್ಮ ಕೈಲಿ ಆಗ್ಲಿಲ್ಲ. ಅಪ್ಪ ಅವ್ವ ಆಗೋದನ್ನಾದ್ರೂ ಬರೆದು ಕಲೀರಿ’ ಎಂದರು.

ಹೊರಗೆ ಬಂದು ಚಹಾ ಅಂಗಡಿಯಲ್ಲಿ ನಿಂತು ನಾನು ಒಬ್ಬನೇ ನಕ್ಕೆ. ವಯಸ್ಸಾದ ಮೇಡಂಗೆ ಇನ್ನೂ ಹೋಮ್‌ವರ್ಕ್ ಕೊಡುವ ಚಟ ಹೋಗಿಲ್ಲ ಎಂದುಕೊಂಡೆ. ಒಳ್ಳೆಯ ಮಾತು ಹೇಳುವವರು ಸಿಕ್ಕರೂ ಅದು ಕಿವಿಗೆ ಇಳಿಯದವರು ಇರುತ್ತಾರಲ್ಲ, ಅಂಥವರಲ್ಲಿ ನಾನು ಮೊದಲಿಗ.

ಹೀಗೆ ನಾಲ್ಕು ವರ್ಷ ನಡೆಯಿತು. ಶನಿವಾರ ಮಧ್ಯಾಹ್ನ ಕೂಡ್ಲಿಗಿ ಬಸ್ಸಿನಿಂದ ಆಕೆ ಮಗಳ ಜೊತೆ ಕೊಟ್ಟೂರು ನಿಲ್ದಾಣದಲ್ಲಿ ಇಳಿಯುತ್ತಿದ್ದಳು. ನಾನು ಹಗರಿಬೊಮ್ಮನಹಳ್ಳಿ ಬಸ್ಸು ನಿಲ್ಲುವ ಕಡೆ ನಿಂತಿರುತ್ತಿದ್ದೆ. ಆಕೆ ಅಲ್ಲೇ ನಿಲ್ಲುತ್ತಿದ್ದಳು, ನಾನು ಇಲ್ಲೇ. ನಡುವಿನ ಮೂವತ್ತು ನಲವತ್ತು ಹೆಜ್ಜೆಯನ್ನು ಮಗಳು ಚೀಲ ಹೊತ್ತು ಒಬ್ಬಳೇ ನಡೆಯುತ್ತಿದ್ದಳು. ನಡುವೆ ಒಮ್ಮೆ ಹಿಂದಿರುಗಿ ನೋಡುತ್ತಿದ್ದಳು, ಅದಕ್ಕೆ ನಾನು ‘ಲಗೂನ ಬಾರೇ, ಬಸ್ ಬಿಡ್ತಾರ’ ಎಂದು ಕೂಗುತ್ತಿದ್ದೆ. ಬಸ್ಸು ಬಿಡಲು ಇನ್ನೂ ಕಾಲು ತಾಸು ಇರುತ್ತಿತ್ತು.

ಬಸ್ಸಿನಲ್ಲಿ ಕೂತ ಕೂಡಲೇ ನನ್ನ ವಿಚಾರಣೆ ಶುರು. ನಿಮ್ಮವ್ವ ಯಾರ ಜೊತಿ ಮಾತಾಡ್ತಾಳ, ಮಾಮ ನನ್ನ ಬಗ್ಗೆ ಏನಂದ, ಮನಿಗೆ ಯಾರ್ಯಾರು ಬರ್ತಾರ. ಮಗಳು ಕಿಟಕಿಯ ಸರಳು ಹಿಡಿದು ‘ಗೊತ್ತಿಲ್ಲಪ್ಪ’ ಅನ್ನುತ್ತಿದ್ದಳು. ಅವಳಿಂದ ಬಂದ ಉತ್ತರಗಳಲ್ಲಿ ನನಗೆ ಹೆಚ್ಚು ಬಾರಿ ಸಿಕ್ಕದ್ದು ಅದೇ.

ಅಂಗಡಿಯ ಕ್ಯಾಲೆಂಡರಿನಲ್ಲಿ ನನ್ನ ದಿನಗಳಿಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿರುತ್ತಿದ್ದೆ. ಜ್ವರ ಬಂದು ಮಗಳು ಒಂದು ಶನಿವಾರ ಬರದಿದ್ದರೆ, ಜ್ವರ ಹೇಗಿದೆ ಎಂದು ಕೇಳುವ ಮೊದಲು ಮುಂದಿನ ತಿಂಗಳಲ್ಲಿ ಎರಡು ಗೆರೆ ಹೆಚ್ಚಿಗೆ ಎಳೆಯುತ್ತಿದ್ದೆ. ಹಾಗೆ ಹಿಡಿದು ತಂದ ದಿನಗಳಲ್ಲಿ ಅವಳ ಜೊತೆ ಏನು ಮಾಡುತ್ತಿದ್ದೆ ಎಂದು ಕೇಳಿದರೆ ಹೇಳಲು ನಾಚಿಕೆಯಾಗುತ್ತದೆ. ಏನೂ ಇಲ್ಲ. ನಾನು ಮೋಟರು ಬಿಚ್ಚುತ್ತಿದ್ದೆ, ಅವಳು ಅಂಗಡಿಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಕೂತು ತಂತಿಯ ತುಂಡುಗಳಿಂದ ಸರ, ಬಳೆ ಮಾಡುತ್ತಿದ್ದಳು. ಅವಳು ನನ್ನ ಹತ್ತಿರ ಇರಬೇಕು ಎನ್ನುವುದಕ್ಕಿಂತ ಆಕೆಯ ಹತ್ತಿರ ಇರಬಾರದು ಎನ್ನುವುದೇ ನನಗೆ ಮುಖ್ಯವಾಗಿತ್ತು. ಈ ಮಾತನ್ನು ನನಗೆ ನಾನೇ ಹೇಳಿಕೊಳ್ಳಲು ಬಹಳ ವರ್ಷ ಬೇಕಾದವು.

ನೋಟ್‌ಬುಕ್ ಪ್ರತಿ ಸಲ ಬರುತ್ತಿತ್ತು. ಮೊದಮೊದಲು ಮಗಳು ತೆಗೆದು ಕೊಡುತ್ತಿದ್ದಳು. ‘ಇಡು ಅಲ್ಲಿ’ ಅನ್ನುತ್ತಿದ್ದೆ. ಆಮೇಲೆ ಅವಳು ತೆಗೆಯುವುದನ್ನೇ ಬಿಟ್ಟಳು.

ಅವಳಿಗೆ ಹನ್ನೆರಡು ತುಂಬಿದ ವರ್ಷದ ಬೇಸಿಗೆ ರಜೆ. ಹದಿನೈದು ದಿನ ನನ್ನ ಪಾಳಿ, ಹಿಂದೆ ತಪ್ಪಿದ ಎರಡು ದಿನ ಸೇರಿ ಹದಿನೇಳು. ಹನ್ನೆರಡನೆಯದೋ ಹದಿಮೂರನೆಯದೋ ದಿನ ಬೆಳಿಗ್ಗೆ, ನಾನು ಒಂದು ಮೋಟರಿನ ಬೋಲ್ಟು ಸಡಿಲಿಸುತ್ತಿದ್ದಾಗ ಅವಳು ಬಾಗಿಲಲ್ಲಿ ಬಂದು ನಿಂತಳು.

‘ಅಪ್ಪಾ, ಇವತ್ತು ಅವ್ವನ ಕಡಿ ಹೋಗ್ತೀನಿ.’

‘ಯಾಕ? ಫೋನ್ ಮಾಡಿದ್ಲೇನು?’

‘ಇಲ್ಲ. ನನಗ ಹೋಗ್ಬೇಕನ್ನಿಸೈತಿ.’

‘ನಿನಗ ಅನ್ನಿಸೈತೋ, ಆಕಿ ಹೇಳಿ ಕಳಿಸ್ಯಾಳೋ? ಇನ್ನಾ ನಾಕೈದು ದಿನ ನನ್ನ ಪಾಳಿ ಐತಿ. ಪಾಳಿ ಮುಗೀಲಿ, ಕಳಿಸ್ತೀನಿ.’

ಸ್ಪಾನರ್ ಕೆಳಗೆ ಇಡಲಿಲ್ಲ. ತಲೆ ಎತ್ತಿ ಅವಳ ಮುಖ ನೋಡಲಿಲ್ಲ. ನೋಡಿದ್ದರೆ ಏನಾದರೂ ತಿಳಿಯುತ್ತಿತ್ತೋ ಇಲ್ಲವೋ, ಆದರೆ ನೋಡಲಿಲ್ಲ ಎಂಬುದು ಮಾತ್ರ ಖಾತ್ರಿ. ಅವಳು ಮತ್ತೆ ಕೇಳಲಿಲ್ಲ. ಹೋಗಿ ಗೋಣಿಚೀಲದ ಮೇಲೆ ಕೂತಳು.

ಆ ದಿನವೆಲ್ಲ ಕೂತಲ್ಲಿಂದ ಏಳಲೊಲ್ಲಳು. ಚಹಾ ತಾ ಎಂದರೆ ಏಳಲಿಲ್ಲ. ರೊಟ್ಟಿ ಅರ್ಧ ತಿಂದು ಇಟ್ಟಳು. ಹಟ ಹಿಡಿದಿದ್ದಾಳೆ ಎಂದು ನಾನೂ ಮಾತು ಬಿಟ್ಟೆ. ನನಗೆ ಗೊತ್ತಿದ್ದ ಆಯುಧ ಅದೊಂದೇ. ತಾಯಿಯ ಮೇಲೆ ಪ್ರಯೋಗಿಸಿದ್ದನ್ನು ಮಗಳ ಮೇಲೆ ಪ್ರಯೋಗಿಸಿದೆ.

ಮರುದಿನ ಮಧ್ಯಾಹ್ನ ಕೈ ಒರೆಸಿಕೊಳ್ಳಲು ಹೋದರೆ ಬಟ್ಟೆಯ ಗಂಟು ಸಣ್ಣದಾಗಿತ್ತು. ವೈಂಡಿಂಗ್ ಅಂಗಡಿಯಲ್ಲಿ ಎಣ್ಣೆ, ಜಿಡ್ಡು ಒರೆಸಲು ಹಳೆ ಬನಿಯನ್ನು, ಅಂಗಿಯ ಚೂರುಗಳ ಗಂಟು ತಂದಿಟ್ಟುಕೊಂಡಿರುತ್ತೇವೆ. ಎಲ್ಲಿಯ ಬಟ್ಟೆಯೋ, ಯಾರು ಹಾಕಿ ಬಿಟ್ಟದ್ದೋ. ಒಂದು ದಿನದ ಮೌನವನ್ನು ನಾನು ಮುರಿದದ್ದು ಬೈಗುಳದಿಂದ.

‘ಇಲ್ಲಿದ್ದ ಬಟ್ಟಿ ಏನ್ ಮಾಡಿದಿ? ಗೊಂಬಿ ಮಾಡಿ ಆಡಾಕ ಹತ್ತೀಯೇನು, ಇಷ್ಟು ದೊಡ್ಡಾಕಿ ಆಗಿ?’

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳುವುದು ಕೇಳಿಸಲಿಲ್ಲ, ಬೆನ್ನು ಅಲುಗುತ್ತಿತ್ತು. ಗಿರಾಕಿಯೊಬ್ಬರು ಬಂದರು, ನಾನು ಆ ಕಡೆ ತಿರುಗಿದೆ.

ಪಕ್ಕದ ಮನೆಯ ಚಾಚಿ ಬಂದದ್ದು ಆ ಸಂಜೆ. ಅವರ ಯಜಮಾನರು ಗ್ಯಾಸ್ ವೆಲ್ಡಿಂಗ್ ಮಾಡುವವರು. ಅವರ ಮನೆಗೂ ನನ್ನ ಕೋಣೆಗೂ ಹಿತ್ತಲು ಒಂದೇ, ಬಚ್ಚಲು ಒಂದೇ. ಅಲ್ಲಿಯವರೆಗೆ ಚಾಚಿ ನನ್ನ ಅಂಗಡಿಯ ಮುಂಬಾಗಿಲಿಗೆ ಬಂದದ್ದನ್ನು ನಾನು ನೋಡಿರಲಿಲ್ಲ. ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ನೇರ ಒಳಗೆ ಬಂದರು.

‘ಭಯ್ಯಾ, ಪೈಲೇ, ಮೊದ್ಲು ಅಂಗಡಿ ಬಂದ್ ಮಾಡು.’

‘ಯಾಕ ಚಾಚಿ?’

‘ಯಾಕ ಅಂತೀಯಾ? ಮಗಳು ದೊಡ್ಡಾಕಿ ಆಗಿ ಎರಡು ದಿನ ಆತು. ನಿನ್ನ ಗ್ರೀಸಿನ ಬಟ್ಟಿ ಕಟ್ಕೊಂಡು ಕುಂತೈತಿ ಆ ಬಚ್ಚಿ. ಬಚ್ಚಲದಾಗ ತೊಳಿಯೋದು ನಾ ನೋಡಿದೆ. ಕಣ್ಣೇನು ಬರೇ ಮೋಟರ್ ನೋಡಾಕ ಇಟ್ಟಾನೇನು ಅಲ್ಲಾ ನಿನಗ?’

ನೆಲ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಆ ಮಾತಿನ ಅರ್ಥ ನನಗೆ ಆಗ ಗೊತ್ತಾಯಿತು. ‘ಇಷ್ಟು ದೊಡ್ಡಾಕಿ ಆಗಿ’ ಎಂದು ನಾನೇ ಅಂದಿದ್ದೆ, ಎರಡು ತಾಸಿನ ಹಿಂದೆ, ಗಿರಾಕಿಗೆ ಕೇಳುವ ಹಾಗೆ.

‘ನನಗ ಹೇಳಬೇಕಿತ್ತಲ್ಲ’ ಎಂದೆ. ನನ್ನ ಬಾಯಿಂದ ಬಂದ ಮೊದಲ ಮಾತು ಅದು. ಆಗಲೂ ತಪ್ಪನ್ನು ಅವಳ ಮೇಲೆ ಜಾರಿಸಲು ನೋಡಿದೆ.

‘ನಾ ಕೇಳಿದೆ ಆಕೀನ. ಏನಂದ್ಲು ಗೊತ್ತೈತೇನು? ಪಾಳಿ ಮುಗಿಯಾಕ ಮೊದ್ಲು ಹೋದ್ರ ಆ ದಿನ ಎಲ್ಲಾ ಅಪ್ಪ ಮತ್ತ ಅವ್ವನ ಕಡಿಂದ ಇಸ್ಕೊಳ್ತಾನ, ಅವ್ವ ಅಳ್ತಾಳ, ಅದಕ್ಕ ಸುಮ್ನ ಕುಂತೆ ಅಂದ್ಲು.’

ಚಾಚಿ ಮಗಳನ್ನು ತಮ್ಮ ಮನೆಗೆ ಕರೆದೊಯ್ದರು. ಬಿಸಿನೀರು ಹಾಕಿದರು, ತಮ್ಮ ಮಗಳ ಹೊಸ ಬಟ್ಟೆ ಕೊಟ್ಟರು, ಒಣಕೊಬ್ಬರಿ ಬೆಲ್ಲ ತಿನ್ನಿಸಿದರು. ನಮ್ಮಲ್ಲಿ ಇದನ್ನೆಲ್ಲ ತಾಯಿ, ಸೋದರತ್ತೆಯರು ಮಾಡುತ್ತಾರೆ. ಮೊದಲು ತಾಯಿಗೆ ತಿಳಿಯಬೇಕು, ಆಮೇಲೆ ಸೋದರಮಾವನಿಗೆ ಸುದ್ದಿ ಹೋಗಬೇಕು, ಆಮೇಲೆ ಆರತಿ. ನನ್ನ ಮಗಳ ಸುದ್ದಿ ಮೊದಲು ತಿಳಿದದ್ದು ಒಂದು ಬಚ್ಚಲಿನ ಕಲ್ಲಿಗೆ.

ನಾನು ಎಸ್‌ಟಿಡಿ ಬೂತಿಗೆ ಹೋಗಿ ಕೂಡ್ಲಿಗಿಯಲ್ಲಿ ಆಕೆಯ ಪಕ್ಕದ ಮನೆಗೆ ಫೋನ್ ಮಾಡಿದೆ. ಆಕೆ ಬಂದು ಹಲೋ ಎಂದಳು. ನಾಲ್ಕು ವರ್ಷದಲ್ಲಿ ನಾನು ಆಕೆಯ ಜೊತೆ ನೇರ ಆಡುತ್ತಿದ್ದ ಮೊದಲ ಮಾತು. ‘ಮಗಳು ದೊಡ್ಡಾಕಿ ಆಗ್ಯಾಳ, ಕರ್ಕೊಂಡು ಬರ್ತೀನಿ’ ಎಂದೆ. ಎಂದು ಆದದ್ದು ಎಂದು ಆಕೆ ಕೇಳಿದಳು. ನಿನ್ನೆ ಎಂದೆ. ‘ಕೊಟ್ಟೂರಿಗೆ ಬರ್ತೀನಿ’ ಎಂದು ಫೋನ್ ಇಟ್ಟಳು.

ಮರುದಿನ ಬೆಳಿಗ್ಗೆ ಕೊಟ್ಟೂರಿನಲ್ಲಿ ಇಳಿದಾಗ ಆಕೆ ಎಂದಿನ ಜಾಗದಲ್ಲಿ ಇರಲಿಲ್ಲ. ನಮ್ಮ ಬಸ್ಸು ನಿಲ್ಲುವಲ್ಲಿಗೇ ಬಂದು ನಿಂತಿದ್ದಳು. ಮಗಳು ಮೆಟ್ಟಿಲಿಳಿಯುತ್ತಿದ್ದಂತೆ ಸೆರಗಿನೊಳಗೆ ಎಳೆದುಕೊಂಡಳು. ಇಬ್ಬರೂ ಅತ್ತರು. ನಾನು ಚೀಲ ಹಿಡಿದುಕೊಂಡು ನಿಂತಿದ್ದೆ.

‘ಪುಸ್ತಕ ನೋಡಲಿಲ್ಲೇನು?’ ಎಂದಳು ಆಕೆ.

‘ಯಾವ ಪುಸ್ತಕ?’

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ನನ್ನ ಕೈಯಿಂದ ಚೀಲ ತೆಗೆದುಕೊಂಡು, ಒಳಗೆ ಕೈಹಾಕಿ ನೋಟ್‌ಬುಕ್ ತೆಗೆದು ನನ್ನ ಕೈಯಲ್ಲಿಟ್ಟಳು. ಮಗಳ ಹೆಗಲು ಬಳಸಿ ಕೂಡ್ಲಿಗಿ ಬಸ್ಸಿನ ಕಡೆ ಹೋದಳು. ಆ ದಿನ ಮಗಳು ಹಿಂದಿರುಗಿ ನೋಡಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ನೋಟ್‌ಬುಕ್ ಬಿಚ್ಚಿದೆ. ಎಡಗಡೆ ಪುಟಗಳು ತುಂಬಿದ್ದವು. ಒಂದು ಪುಸ್ತಕ ತುಂಬಿದ ಮೇಲೆ ಇನ್ನೊಂದನ್ನು ತಂದು ಹೊಲಿದು ಸೇರಿಸಿದ್ದಳು. ಹಾಲಿನ ಹಲ್ಲು ಬಿದ್ದದ್ದು, ಗಣಿತದಲ್ಲಿ ಭಾಗಾಕಾರ ಬಾರದೆ ಅತ್ತದ್ದು, ಬದನೆಕಾಯಿ ತಿಂದರೆ ಮೈ ತುರಿಸುತ್ತದೆ ಎನ್ನುವುದು. ನಾನು ಅವಳಿಗೆ ಪ್ರತಿ ರವಿವಾರ ಬದನೆಕಾಯಿ ಎಣ್ಣೆಗಾಯಿ ಮಾಡಿ ಹಾಕುತ್ತಿದ್ದೆ, ಅದು ಅವಳಿಗೆ ಇಷ್ಟ ಎಂದುಕೊಂಡು. ಅವಳು ತಿಂದು ಕೈ ಕೆರೆದುಕೊಳ್ಳುತ್ತ ಕೂರುತ್ತಿದ್ದಳು.

ಬಲಗಡೆ ಪುಟಗಳು ಖಾಲಿ. ಒಂದೇ ಒಂದರಲ್ಲಿ ನನ್ನ ಕೈಬರಹವಿತ್ತು. ಯಾವುದೋ ದಿನ ಕಾಗದ ಸಿಗದೆ ಗೀಚಿದ ಮೋಟರಿನ ಲೆಕ್ಕ: ಐದು ಎಚ್‌ಪಿ, ಮೂವತ್ತಾರು ಸ್ಲಾಟು, ತಂತಿ ಹತ್ತೊಂಬತ್ತು ಗೇಜು. ನಾಲ್ಕು ವರ್ಷದಲ್ಲಿ ನನ್ನ ಮಗಳ ಬಗ್ಗೆ ನಾನು ಬರೆದದ್ದು ಅಷ್ಟು.

ಕೊನೆಯ ಎಡಪುಟದಲ್ಲಿ, ಬೇಸಿಗೆ ರಜೆಗೆ ಕಳಿಸುವ ಮುನ್ನ ಆಕೆ ಬರೆದಿದ್ದಳು. ಓದಿ ಓದಿ ನನಗೆ ಬಾಯಿಪಾಠವಾಗಿದೆ. ‘ಈ ವರ್ಷ ಬಹಳ ಎತ್ತರ ಆಗಿದ್ದಾಳೆ. ಇಷ್ಟರಲ್ಲೇ ದೊಡ್ಡವಳಾಗಬಹುದು. ಹೆದರುತ್ತಾಳೆ ಎಂದು ಅವಳಿಗೆ ಇನ್ನೂ ಹೇಳಿಲ್ಲ. ಚೀಲದ ತಳದ ರಟ್ಟಿನ ಕೆಳಗೆ ಬಟ್ಟೆ ಮಡಚಿ ಇಟ್ಟಿದ್ದೇನೆ. ಹಾಗೇನಾದರೂ ಆದರೆ ಪಕ್ಕದ ಮನೆಯ ಚಾಚಿಯನ್ನು ಕರೆಯಿರಿ. ನನಗೆ ಫೋನ್ ಮಾಡಿರಿ, ಕೊಟ್ಟೂರಿಗೆ ಬರುತ್ತೇನೆ. ನಿಮ್ಮ ದಿನಗಳು ಉಳಿದರೆ ದಸರಾಕ್ಕೆ ತೆಗೆದುಕೊಳ್ಳಿ.’

ಬಟ್ಟೆ ಅವಳ ಚೀಲದಲ್ಲೇ ಇತ್ತು. ಎರಡು ದಿನ ಅವಳು ತಲೆದಿಂಬು ಮಾಡಿಕೊಂಡು ಮಲಗಿದ ಚೀಲ. ನಾನು ಆ ಒಂದು ಪುಟ ಓದಿದ್ದರೆ ಸಾಕಿತ್ತು. ನನ್ನ ದಿನಗಳ ಬಗ್ಗೆ ಬರೆದ ಕೊನೆಯ ಸಾಲು ಇದೆಯಲ್ಲ, ಅದನ್ನು ಓದಿದಾಗ ಬಸ್ಸಿನಲ್ಲಿ ಜನ ಇದ್ದಾರೆ ಎನ್ನುವುದನ್ನೂ ಮರೆತು ಅತ್ತೆ.

ಆರತಿಗೆ ನನ್ನನ್ನು ಕರೆಯಲಿಲ್ಲ. ಚಾಚಿಯನ್ನು ಕರೆದರು. ಚಾಚಿ ಹಸಿರು ಬಳೆ, ಕೊಬ್ಬರಿ ಬಟ್ಟಲು ಕಟ್ಟಿಕೊಂಡು ಕೂಡ್ಲಿಗಿಗೆ ಹೋಗಿ ಬಂದರು. ಮಗಳು ಹೇಗಿದ್ದಾಳೆ ಎಂದು ಹಿತ್ತಲಲ್ಲಿ ನಿಂತು ಕೇಳಿದೆ. ‘ರಾಣಿ ಆಗ್ಯಾಳ’ ಎಂದರು, ಅಷ್ಟೇ ಹೇಳಿ ಒಳಗೆ ಹೋದರು.

ನನ್ನ ಪಾಳಿಯ ಮುಂದಿನ ಶನಿವಾರ ಕೊಟ್ಟೂರಿಗೆ ಹೋದೆ. ಆಕೆ ಒಬ್ಬಳೇ ಬಂದಿದ್ದಳು. ‘ಬರಾಂಗಿಲ್ಲ ಅಂದಾಳ. ನಾ ಬ್ಯಾಡ ಅಂದಿಲ್ಲ. ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ’ ಎಂದಳು. ಇಷ್ಟು ಹೇಳಲು ಬಸ್ಸು ಹತ್ತಿ ಬಂದಿದ್ದಳು. ನನ್ನ ಸಿಟ್ಟಿಗೆ ಹೆದರಿ ತಾಯಿ ಮಗಳಿಬ್ಬರೂ ಹೇಗೆ ಬದುಕಿದ್ದರು ಎಂದು ಆಕೆ ನಿಂತ ಭಂಗಿಯಲ್ಲೇ ಕಂಡಿತು. ಚೀಲವೇ ಇಲ್ಲದ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಿದ್ದಳು.

ನಾನು ಹರಪನಹಳ್ಳಿಗೆ ಹೋದೆ. ಮೇಡಂ ಇನ್ನಷ್ಟು ಸಣ್ಣಗಾಗಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಹೇಳುವಾಗಲೂ, ಹನ್ನೆರಡು ವರ್ಷದ ಹುಡುಗಿಗೆ ತಾಯಿಯಾದವಳು ಮೊದಲೇ ಹೇಳಬೇಕಿತ್ತಲ್ಲವೇ ಎಂದು ನಡುವೆ ಸೇರಿಸಿದೆ. ಮೇಡಂ ಕೈ ಎತ್ತಿ ತಡೆದರು.

‘ಪುಸ್ತಕ ತಂದೀಯಾ?’

ಕೊಟ್ಟೆ. ಒಂದೊಂದೇ ಪುಟ ತಿರುವಿದರು. ಬಲಗಡೆ ಖಾಲಿ, ಬಲಗಡೆ ಖಾಲಿ. ಮೋಟರಿನ ಪುಟ ಬಂದಾಗ ಬೆರಳಿಟ್ಟು ನಿಂತರು, ನನ್ನ ಮುಖ ನೋಡಿದರು. ನಲವತ್ತರ ಹತ್ತಿರದ ಗಂಡಸು ಎರಡನೇ ಇಯತ್ತೆಯ ಶಾಲಾ ಹುಡುಗನ ಹಾಗೆ ತಲೆ ತಗ್ಗಿಸಿ ನಿಂತಿದ್ದೆ.

‘ನಿಂಗೆ ಬೇರೆ ಸಲಹೆ ಏನು ಕೊಡ್ಲಿ? ಕೊಟ್ಟ ಸಲಹೆನೇ ಇಲ್ಲಿ ಬಿದ್ದೈತೆ’ ಎಂದರು. ಆಮೇಲೆ ಸ್ವರ ಮೆತ್ತಗೆ ಮಾಡಿದರು. ‘ಪಾಳಿ ಬಿಟ್ಟುಬಿಡು. ಅವಳ ದಿನ ಅವಳವು. ನೀನು ಶನಿವಾರ ಹೋಗು, ಪುಸ್ತಕ ಕೊಡು, ವಾಪಸ್ ಬಾ. ಬಂದ್ರೆ ಬಂದ್ಲು. ಬರ್ಲಿಲ್ಲ ಅಂದ್ರೆ ಯಾಕೆ ಅಂತ ಕೇಳ್ಬೇಡ.’

ಆ ರಾತ್ರಿಯಲ್ಲ, ಮರುದಿನ ಅಂಗಡಿಯಲ್ಲಿ ಕೂತು ಮೊದಲ ಬಲಪುಟ ಬರೆದೆ. ಮೋಟರು ರಿಪೇರಿಗಿಂತ ಕಷ್ಟವಾಯಿತು. ‘ನೀನು ಹೋಗುತ್ತೇನೆ ಎಂದಾಗ ನಾನು ತಲೆ ಎತ್ತಲಿಲ್ಲ. ಬಟ್ಟೆಯ ವಿಷಯಕ್ಕೆ ಬೈದೆ. ಎರಡೂ ನನ್ನ ತಪ್ಪು. ನಿನ್ನ ಅವ್ವ ಮೊದಲೇ ಬರೆದಿದ್ದಳು, ನಾನು ಓದಲಿಲ್ಲ. ಅದೂ ನನ್ನ ತಪ್ಪು.’ ಕ್ಯಾಲೆಂಡರನ್ನು ಕಿತ್ತು ಒಲೆಗೆ ಹಾಕಿದೆ.

ಹದಿನೈದು ದಿನಕ್ಕೊಮ್ಮೆ ಕೊಟ್ಟೂರಿಗೆ ಹೋಗಿ ಪುಸ್ತಕ ಕೊಟ್ಟು ಹಿಂದಿನ ಸಲದ್ದನ್ನು ಪಡೆದು ಬರುತ್ತಿದ್ದೆ. ಈಗ ನಾನೂ ಒಂದು ಪುಸ್ತಕ ಮಾಡಿದ್ದೆ, ಎರಡು ಪುಸ್ತಕಗಳು ಆಚೆ ಈಚೆ ಓಡಾಡುತ್ತಿದ್ದವು. ಆ ನೆಪದಲ್ಲಿ ಆಕೆ ಮತ್ತು ನಾನು ನಿಂತು ನಾಲ್ಕು ಮಾತಾಡುವುದು ಕಲಿತೆವು. ಅವಳಿಗೆ ಭಾಗಾಕಾರ ಬಂತೇ, ಕನ್ನಡಕ ಬೇಕಂತೆ, ಹೈಸ್ಕೂಲು ಯಾವುದು. ಗಂಡ ಹೆಂಡತಿಯಾಗಿದ್ದಾಗ ನಾವು ಒಟ್ಟಿಗೆ ಇಷ್ಟು ಮಾತಾಡಿರಲಿಲ್ಲ.

ಮಳೆಗಾಲ ಕಳೆದು ಹಿಂಗಾರಿ ಜೋಳ ಮೊಳಕಾಲೆತ್ತರ ಬಂದಿದ್ದಾಗ, ಒಂದು ಶನಿವಾರ, ಕೂಡ್ಲಿಗಿ ಬಸ್ಸಿನಿಂದ ಮಗಳೂ ಇಳಿದಳು. ಚೀಲ ಸಣ್ಣದಿತ್ತು. ನನ್ನ ಹತ್ತಿರ ಬಂದಳು, ಈ ಸಲ ತಾಯಿಯೂ ಜೊತೆಗೆ ನಡೆದು ಬಂದಳು. ನಾನು ಬಾ ಎನ್ನುವ ಮೊದಲೇ ಅವಳು ಹೇಳಿದಳು:

‘ಅಪ್ಪಾ, ನಾಳಿ ಮೂರು ಗಂಟಿ ಬಸ್ಸಿಗೆ ಹೊಳ್ಳಿ ಹೋಗ್ತೀನಿ.’

‘ಹೂಂ’ ಎಂದೆ. ಮರುದಿನ ಎರಡಕ್ಕೇ ಅವಳನ್ನು ಕರೆದುಕೊಂಡು ಬಸ್ ನಿಲ್ದಾಣಕ್ಕೆ ಬಂದು ಕೂತೆ, ಎಲ್ಲಿ ಬಸ್ಸು ತಪ್ಪಿದರೆ ನಾನೇ ತಪ್ಪಿಸಿದೆ ಎಂದುಕೊಂಡಾಳೋ ಎಂದು. ಬದನೆಕಾಯಿ ಮಾಡಿರಲಿಲ್ಲ. ಅವಳು ಅದನ್ನು ಗಮನಿಸಿದ್ದಳು.

ಅದಾಗಿ ಬಹಳ ವರ್ಷಗಳಾದವು. ಅವಳಿಗೆ ಮದುವೆಯಾಗಿದೆ, ಹಡಗಲಿಯಲ್ಲಿದ್ದಾಳೆ, ಒಂದು ಮಗುವಿದೆ. ಮದುವೆಯಲ್ಲಿ ಆಕೆ ಮತ್ತು ನಾನು ಇಬ್ಬರೂ ಕೂತು ಧಾರೆ ಎರೆದೆವು, ಜನ ನೋಡಿ ಆಶ್ಚರ್ಯಪಟ್ಟರು. ನನ್ನನ್ನು ಮಗಳು ಕ್ಷಮಿಸಿದ್ದಾಳೆ ಎಂದು ಆಕೆ ಹೇಳುತ್ತಾಳೆ. ಇರಬಹುದು. ಹಬ್ಬಕ್ಕೆ ಬರುತ್ತಾಳೆ, ನಗುತ್ತಾಳೆ, ನನ್ನ ಕಾಲುನೋವಿಗೆ ಎಣ್ಣೆ ತಿಕ್ಕುತ್ತಾಳೆ.

ಆದರೆ ಅಂದಿನಿಂದ ಇಂದಿನವರೆಗೆ ಒಂದು ತಪ್ಪಿಲ್ಲ. ಬಾಗಿಲಿಗೆ ಬಂದವಳು ಚಪ್ಪಲಿ ಬಿಡುವ ಮೊದಲು, ನೀರು ಕೇಳುವ ಮೊದಲು, ಯಾವಾಗ ಹೋಗುತ್ತೇನೆ ಎಂದು ಹೇಳುತ್ತಾಳೆ. ಇಷ್ಟು ಗಂಟೆಗೆ, ಈ ಬಸ್ಸಿಗೆ. ಹೇಳಿ ನನ್ನ ಮುಖ ನೋಡುತ್ತಾಳೆ. ನಾನು ‘ಹೂಂ ಅವ್ವಾ, ಹೋಗ್ವಂತಿ’ ಎಂದ ಮೇಲೆಯೇ ಒಳಗೆ ಕಾಲಿಡುತ್ತಾಳೆ.